ಸೀಟಿ ಊದಿದ್ದು ಯಾಕೆ? ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಜಗಳಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾರ್ತ್ ಕೆರೋಲಿನಾ ರಾಜ್ಯದಲ್ಲಿ ರಾಲಿ, ಡರ್ಹಮ್, ಚಾಪೆಲ್ ಹಿಲ್ ಅಕ್ಕಪಕ್ಕದ ಊರುಗಳು. ರಾಲಿಯಲ್ಲಿ ಎನ್‌ಸಿ ಸ್ಟೇಟ್, ಡರ್ಹಮ್‌ನಲ್ಲಿ ಡ್ಯೂಕ್, ಚಾಪೆಲ್ ಹಿಲ್‌ನಲ್ಲಿ ಯುಎನ್‌ಸಿ, ಮೂರೂ ವಿಶ್ವವಿದ್ಯಾಲಯಗಳು. ರಾಲಿಗೆ ಅಂಟಿಕೊಂಡ ಹಾಗೆ ಕೇರಿ ಅನ್ನುವ ಊರಿದೆ. ಹೆಸರಿಗೆ ತಕ್ಕಂತೆ ಅದು ನಮ್ಮವರ ಕೇರಿಯೇ. ಸಾಫ್ಟ್‌ವೇರ್ ಕೆಲಸ, ವೆಂಕಟೇಶ್ವರ ದೇವಸ್ಥಾನ, ಶನಿವಾರ ಯಾರದಾದರೂ ಮನೆಯಲ್ಲಿ ಪಾಟ್‌ಲಕ್, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ. ಚಳಿಗಾಲದಲ್ಲಿ ಈ ಪಾಟ್‌ಲಕ್‌ಗಳಲ್ಲಿ ಬಿಸಿಬೇಳೆಬಾತಿನ ಜೊತೆಗೆ ಒಂದು ಜಗಳವೂ ಇದ್ದೇ ಇರುತ್ತದೆ: ನಿನ್ನೆಯ ಆ ಫೌಲ್ ಸರಿಯಾ, ತಪ್ಪಾ?

ನಾನು ಎನ್‌ಸಿ ಸ್ಟೇಟ್‌ನಲ್ಲಿ ಎಂಎಸ್ ಓದಿದವನು. ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಊರಿನಿಂದ ಬಂದು ಆರು ತಿಂಗಳು ಇರುವ ಅಪ್ಪಂದಿರು, ಈಗಷ್ಟೇ ಓದಲು ಸೇರಿದ ಹುಡುಗರು, ಇಲ್ಲೇ ಹುಟ್ಟಿದ ಮಕ್ಕಳು ಕೇಳುವ ಪ್ರಶ್ನೆಗಳನ್ನು ಇಲ್ಲಿ ಹಾಕಿದ್ದೇನೆ.

ಕಾಲೇಜು ಆಟಕ್ಕೂ ಎನ್‌ಬಿಎಗೂ ಏನು ವ್ಯತ್ಯಾಸ?

ಜಗಳಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ. ಎನ್‌ಬಿಎ ಅಂದರೆ ವೃತ್ತಿಪರರ ಲೀಗ್. ಪುರುಷರ ಕಾಲೇಜು ಆಟ 20 ನಿಮಿಷದ ಎರಡು ಭಾಗ. ಮಹಿಳೆಯರದ್ದು 2015-16ರಿಂದ 10 ನಿಮಿಷದ ನಾಲ್ಕು ಭಾಗ. ಚೆಂಡು ಸಿಕ್ಕ ಮೇಲೆ 30 ಸೆಕೆಂಡಿನಲ್ಲಿ ಬುಟ್ಟಿಗೆ ಎಸೆಯಬೇಕು. ಎನ್‌ಬಿಎಯಲ್ಲಿ ಆರು ಫೌಲ್‌ಗೆ ಹೊರಗೆ, ಇಲ್ಲಿ ಐದಕ್ಕೇ. ಆದ್ದರಿಂದ ನಿಮ್ಮ ಒಳ್ಳೆಯ ಆಟಗಾರನ ಮೇಲೆ ಮೊದಲ ಹತ್ತು ನಿಮಿಷದಲ್ಲಿ ಎರಡು ಫೌಲ್ ಬಿದ್ದರೆ ಕೋಚ್ ಅವನನ್ನು ಬೆಂಚಿಗೆ ಕರೆಯುತ್ತಾರೆ, ಇಡೀ ಆಟದ ನಕ್ಷೆ ಬದಲಾಗುತ್ತದೆ. ಒಂದೊಂದು ಸೀಟಿಗೂ ಇಲ್ಲಿ ಬೆಲೆ ಜಾಸ್ತಿ.

ಈ ರೆಫ್ರಿಗಳು ಯಾರು? ಅವರಿಗೆ ದುಡ್ಡು ಕೊಡೋದು ಯಾರು?

ಆಟಕ್ಕೆ ಮೂವರು. ಹೆಚ್ಚಿನವರು ಯಾರ ಕಾಯಂ ನೌಕರರೂ ಅಲ್ಲ. ಆಟಕ್ಕಿಷ್ಟು ಅಂತ ಕಾನ್ಫರೆನ್ಸ್‌ಗಳು ಕೊಡುತ್ತವೆ. ಕಾನ್ಫರೆನ್ಸ್ ಅಂದರೆ ಒಂದಷ್ಟು ವಿಶ್ವವಿದ್ಯಾಲಯಗಳು ಸೇರಿ ಮಾಡಿಕೊಂಡ ಕೂಟ. ನಮ್ಮ ಮೂರೂ ತಂಡಗಳು ಇರುವುದು ಎಸಿಸಿಯಲ್ಲಿ, ಅಂದರೆ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿ. ಇವತ್ತು ಎಸಿಸಿ ಆಟ ಮುಗಿಸಿದ ರೆಫ್ರಿ ನಾಳೆ ಬೆಳಿಗ್ಗೆ ವಿಮಾನ ಹತ್ತಿ ಇನ್ನೊಂದು ಕಾನ್ಫರೆನ್ಸ್ ಆಟಕ್ಕೆ ಹೋಗುತ್ತಾರೆ. ವಾರದಲ್ಲಿ ನಾಲ್ಕೈದು ರಾತ್ರಿ ಹೀಗೇ ಓಡಾಡುವವರಿದ್ದಾರೆ. ಹಲವರಿಗೆ ಬೇರೆ ಉದ್ಯೋಗವೂ ಇರುತ್ತದೆ.

ಎರಡನೇ ಭಾಗದ ಕೊನೆಗೆ ಅವರ ಕಾಲು ಸೋತಿರುವುದು ಕಾಣುತ್ತದೆ. ಅದು ಮೋಸ ಅಲ್ಲ, ದಣಿವು. ಆದರೆ ಸೋತ ರಾತ್ರಿ ಇದನ್ನು ನಮ್ಮ ಗುಂಪಿನಲ್ಲಿ ಹೇಳಿ ನೋಡಿ. ಮುಂದಿನ ಪಾಟ್‌ಲಕ್‌ಗೆ ಕರೆಯುವುದಿಲ್ಲ.

ಆತಿಥೇಯ ತಂಡದ ಕಡೆ ರೆಫ್ರಿ ವಾಲುತ್ತಾರೆ ಅಂತಾರೆ. ನಿಜವಾ?

ಸ್ವಲ್ಪ ನಿಜ. ಆದರೆ ನಾವು ಅಂದುಕೊಂಡ ಹಾಗಲ್ಲ. 2004-05ರ ಸೀಸನ್‌ನ 365 ಆಟಗಳ ಫೌಲ್‌ಗಳನ್ನು ಒಂದೊಂದಾಗಿ ಎಣಿಸಿದ ಇಬ್ಬರು ಸಂಶೋಧಕರಿಗೆ ಎರಡು ವಿಷಯ ಕಂಡಿತು. ಒಂದು, ಹೊರಗಿನಿಂದ ಬಂದ ತಂಡದ ಮೇಲೆ ಫೌಲ್ ಜಾಸ್ತಿ. ಇದು ನಮಗೆಲ್ಲ ಗೊತ್ತಿದ್ದದ್ದೇ. ಎರಡನೆಯದು ಮಜಾ. ಒಂದು ತಂಡದ ಮೇಲೆ ಫೌಲ್ ಹೆಚ್ಚಾಗುತ್ತಾ ಹೋದಷ್ಟೂ ಮುಂದಿನ ಸೀಟಿ ಇನ್ನೊಂದು ತಂಡದ ಮೇಲೆ ಬೀಳುವ ಸಾಧ್ಯತೆ ಏರುತ್ತಾ ಹೋಗುತ್ತದೆ. ತಕ್ಕಡಿ ಸಮ ಮಾಡುವ ಅಭ್ಯಾಸ ಅನ್ನಿ. ರೆಫ್ರಿ ಬೇಕಂತಲೇ ಮಾಡುತ್ತಾರೆ ಅಂತಲ್ಲ. ಸ್ಕೋರ್‌ಬೋರ್ಡಿನ ಮೇಲೆ 8–2 ಅಂತ ಫೌಲ್ ಲೆಕ್ಕ ಹೊಳೆಯುತ್ತಿದ್ದರೆ, ಸಾವಿರಾರು ಜನ ಕೂಗುತ್ತಿದ್ದರೆ, ಮನುಷ್ಯರ ಮನಸ್ಸು ಹಾಗೇ ಅಲ್ವಾ?

ಇದನ್ನು ಚೆನ್ನಾಗಿ ಬಲ್ಲ ಕೋಚ್‌ಗಳು ಮೊದಲಿಂದಲೇ ಮೈಮೇಲೆ ಬಿದ್ದು ಆಡಿಸುತ್ತಾರೆ. ಎಲ್ಲ ಫೌಲ್‌ಗೂ ಸೀಟಿ ಊದಲು ಆಗುವುದಿಲ್ಲ ಅನ್ನುವ ಲೆಕ್ಕಾಚಾರ. ಅಭಿಮಾನಿಗಳು ರೆಫ್ರಿಯನ್ನು ಬೈಯುತ್ತಾ ಕೂತಿರುವಾಗ ಎದುರಿನ ಕೋಚ್ ಅದರಿಂದ ಲಾಭ ಎತ್ತಿರುತ್ತಾರೆ.

ಬ್ಲಾಕ್ ಯಾವುದು, ಚಾರ್ಜ್ ಯಾವುದು? ನನಗೆ ಎರಡೂ ಒಂದೇ ಥರ ಕಾಣುತ್ತೆ.

ನಿಮಗೊಬ್ಬರಿಗೇ ಅಲ್ಲ. ಈ ಆಟದಲ್ಲಿ ಅತಿ ಹೆಚ್ಚು ಬೈಗುಳ ತಂದಿರುವ ನಿರ್ಧಾರ ಇದೇ. ಚೆಂಡು ಹಿಡಿದವನು ಬುಟ್ಟಿಯ ಕಡೆ ನುಗ್ಗುತ್ತಾನೆ. ಎದುರಾಳಿ ಅಡ್ಡ ನಿಂತು ಡಿಕ್ಕಿ ಹೊಡೆಸಿಕೊಂಡು ಬೀಳುತ್ತಾನೆ. ಅವನು ಮೊದಲೇ ಜಾಗ ಹಿಡಿದು ನಿಂತಿದ್ದರೆ ನುಗ್ಗಿದವನದ್ದು ತಪ್ಪು, ಅದು ಚಾರ್ಜ್. ತಡವಾಗಿ ಅಡ್ಡ ಬಂದಿದ್ದರೆ ನಿಂತವನದ್ದು ತಪ್ಪು, ಅದು ಬ್ಲಾಕ್.

ತಕರಾರು ಇರುವುದು "ಮೊದಲೇ" ಅನ್ನುವ ಮಾತಿನಲ್ಲಿ. ಯಾವುದಕ್ಕಿಂತ ಮೊದಲು? ಈ ಗೆರೆಯನ್ನು ಹಲವು ಸಲ ಅತ್ತಿತ್ತ ಎಳೆದಿದ್ದಾರೆ. ಪುರುಷರ ಆಟದಲ್ಲಿ 2023-24ರಿಂದ ಇರುವ ನಿಯಮ ಹೀಗಿದೆ: ಹಾರಲು ಹೊರಟವನು ಕೊನೆಯ ಸಲ ಕಾಲೂರುವ ಹೊತ್ತಿಗೆ ರಕ್ಷಕ ತನ್ನ ಜಾಗದಲ್ಲಿ ಇರಬೇಕು. ಕಾಲೂರಿದ ಮೇಲೆ ಸರಿದು ಬಂದರೆ ಬ್ಲಾಕ್. ಅದಕ್ಕೂ ಮುಂಚೆ ಚಾರ್ಜ್ ಸುಲಭವಾಗಿ ಸಿಗುತ್ತಿತ್ತು. ಕೆಲವು ತಂಡಗಳು ಬೀಳುವುದನ್ನೇ ಒಂದು ವಿದ್ಯೆ ಮಾಡಿಕೊಂಡಿದ್ದವು. ಯಾವ ತಂಡ ಅಂತ ರಾಲಿಯಲ್ಲಿ ಕೇಳಿ, ಎಲ್ಲರೂ ಡರ್ಹಮ್ ಕಡೆ ಕೈ ತೋರಿಸುತ್ತಾರೆ.

ಬುಟ್ಟಿಯ ಕೆಳಗೆ ನೆಲದ ಮೇಲೆ 4 ಅಡಿಯ ಒಂದು ಕಮಾನು ಬರೆದಿರುತ್ತಾರೆ. ಬೇರೆಯವನ ನೆರವಿಗೆ ಓಡಿ ಬಂದ ರಕ್ಷಕ ಅದರೊಳಗೆ ನಿಂತಿದ್ದರೆ ಚಾರ್ಜ್ ಸಿಗುವುದಿಲ್ಲ. ಈಗ ರೆಫ್ರಿಯ ಕೆಲಸ ಯೋಚಿಸಿ. ನುಗ್ಗುವವನ ಕಾಲು, ರಕ್ಷಕನ ಎದೆ, ನೆಲದ ಗೆರೆ, ಚೆಂಡು. ನಾಲ್ಕನ್ನೂ ಅರ್ಧ ಸೆಕೆಂಡಿನಲ್ಲಿ ನೋಡಬೇಕು. ನಾವು ಸೋಫಾದ ಮೇಲೆ ಕೂತು, ನಿಧಾನಗತಿಯಲ್ಲಿ ಐದು ಸಲ ನೋಡಿ, ಆಮೇಲೂ ಎರಡು ಪಂಗಡ ಆಗುತ್ತೇವೆ.

"ಓವರ್ ದ ಬ್ಯಾಕ್!" ಅಂತ ಎಲ್ಲರೂ ಕೂಗ್ತಾರಲ್ಲ, ಅದು ಏನು ಫೌಲ್?

ನಿಯಮ ಪುಸ್ತಕದಲ್ಲಿ ಆ ಹೆಸರಿನ ಫೌಲ್ ಇಲ್ಲ. ಉದ್ದ ಇರುವವನು ಹಿಂದಿನಿಂದ ಕೈ ಚಾಚಿ ಚೆಂಡು ತೆಗೆದುಕೊಂಡರೆ ತಪ್ಪಿಲ್ಲ. ಮುಂದಿನವನನ್ನು ಅವನ ಜಾಗದಿಂದ ತಳ್ಳಿದರೆ ಮಾತ್ರ ತಪ್ಪು.

ಈ ಪ್ರಶ್ನೆ ಕೇಳಿದವರು ಬಹುಶಃ 2025ರ ಏಪ್ರಿಲ್ 5ರ ಆಟ ನೋಡಿದವರು. ಸ್ಯಾನ್ ಆಂಟೋನಿಯೊದಲ್ಲಿ ರಾಷ್ಟ್ರೀಯ ಟೂರ್ನಿಯ ಸೆಮಿಫೈನಲ್, ಡ್ಯೂಕ್ ಮತ್ತು ಹ್ಯೂಸ್ಟನ್. ಡ್ಯೂಕ್ ಒಂದು ಪಾಯಿಂಟ್ ಮುಂದಿದೆ, ಸುಮಾರು 20 ಸೆಕೆಂಡ್ ಉಳಿದಿದೆ. ಡ್ಯೂಕ್‌ನ ಟೈರೀಸ್ ಪ್ರಾಕ್ಟರ್ ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಬದಲಾಗಿ ಸಿಗುವ ಅಡ್ಡಿಯಿಲ್ಲದ ಎಸೆತ, ತಪ್ಪಿಸಿದ. ಪುಟಿದ ಚೆಂಡಿಗೆ ಕೂಪರ್ ಫ್ಲ್ಯಾಗ್ ಹಾರಿದ. ಅವನ ಮುಂದಿದ್ದ ಹ್ಯೂಸ್ಟನ್‌ನ ಜೆವಾನ್ ರಾಬರ್ಟ್ಸ್ ಮೇಲೆ ಕೈ ಬಿತ್ತು ಅಂತ ಸೀಟಿ. ರಾಬರ್ಟ್ಸ್ ಎರಡೂ ಫ್ರೀ ಥ್ರೋ ಹಾಕಿದ. ಕೊನೆಗೆ ಹ್ಯೂಸ್ಟನ್ 70–67.

ಪಾಟ್‌ಲಕ್‌ನಲ್ಲಿ ಡ್ಯೂಕ್ ಕಡೆಯವರೊಬ್ಬರು ಅವತ್ತಿನಿಂದ ಇವತ್ತಿನವರೆಗೂ ಆ ಒಂದು ಸೀಟಿಯ ಬಗ್ಗೆಯೇ ಮಾತಾಡುತ್ತಾರೆ. ನಾನು ಅವರಿಗೆ ಹೇಳುವುದು ಇಷ್ಟೇ. ಅಣ್ಣಾ, ಎಂಟು ನಿಮಿಷ ಇರುವಾಗ ನೀವು 14 ಪಾಯಿಂಟ್ ಮುಂದಿದ್ರಿ. ಕೊನೆಯ ಹತ್ತೂವರೆ ನಿಮಿಷದಲ್ಲಿ ಫ್ರೀ ಥ್ರೋ ಬಿಟ್ಟರೆ ನಿಮ್ಮ ತಂಡ ಚೆಂಡನ್ನು ಬುಟ್ಟಿಗೆ ಹಾಕಿದ್ದು ಒಂದೇ ಸಲ. ಗೆರೆಯ ಹೊರಗಿನಿಂದ ಒಳಗೆ ಎಸೆಯುವ ಇನ್‌ಬೌಂಡ್ ಪಾಸ್ ಎದುರಾಳಿಯ ಕೈಗೆ ಕೊಟ್ರಿ. ಕೊನೆಯ 35 ಸೆಕೆಂಡಿನಲ್ಲಿ ಹ್ಯೂಸ್ಟನ್ 9 ಪಾಯಿಂಟ್ ಹಾಕಿತು, ನೀವು ಸೊನ್ನೆ. ಸೀಟಿ ಅದರಲ್ಲಿ ಒಂದು ಪಾಲು, ಅಷ್ಟೇ.

ಅವರು ಒಪ್ಪಲ್ಲ. ನಮ್ಮ ತಂಡಕ್ಕೆ ಹೀಗಾಗಿದ್ದರೆ ನಾನೂ ಒಪ್ಪುತ್ತಿರಲಿಲ್ಲ ಅನ್ನಿ.

ಕೊನೆಯ ಕ್ಷಣದಲ್ಲಿ ರೆಫ್ರಿ ಸುಮ್ನೆ ಇರಬೇಕು, ಆಟಗಾರರೇ ಆಟ ಮುಗಿಸಬೇಕು. ಅಲ್ವಾ?

ಕೇಳಲು ಚೆನ್ನಾಗಿದೆ. 2024ರ ಏಪ್ರಿಲ್ 5ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ಮಹಿಳೆಯರ ಸೆಮಿಫೈನಲ್. ಅಯೋವಾ ಒಂದು ಪಾಯಿಂಟ್ ಮುಂದೆ, ಚೆಂಡು ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಕೈಯಲ್ಲಿ. 3.9 ಸೆಕೆಂಡ್ ಇರುವಾಗ ಯುಕಾನ್‌ನ ಆಲಿಯಾ ಎಡ್ವರ್ಡ್ಸ್ ಮೇಲೆ ಫೌಲ್. ಸ್ಕ್ರೀನ್ ಹಾಕುವಾಗ, ಅಂದರೆ ಜೊತೆಗಾತಿಗೆ ದಾರಿ ಬಿಡಿಸಲು ಅಡ್ಡ ನಿಂತಾಗ, ಕದಲಿದಳು ಅಂತ. ಅಯೋವಾ 71–69ರಿಂದ ಗೆದ್ದಿತು. ಅಮೆರಿಕವೇ ಎರಡು ಪಾಲಾಯಿತು. ಕಾಲು ಮೊಣಕೈ ಎರಡೂ ಚಾಚಿದ್ದು ಕಾಣುತ್ತೆ ಅಂತ ಒಬ್ಬರು. ಇಂಥದ್ದು ಪ್ರತಿ ಆಟದಲ್ಲಿ ಇಪ್ಪತ್ತು ಆಗುತ್ತೆ, ಈಗಲೇ ಯಾಕೆ ಊದಬೇಕು ಅಂತ ಇನ್ನೊಬ್ಬರು.

ಎರಡನೆಯ ವಾದಕ್ಕೆ ನನ್ನ ಉತ್ತರ 2019ರ ವರ್ಜೀನಿಯಾ–ಆಬರ್ನ್ ಸೆಮಿಫೈನಲ್. ಆಬರ್ನ್ ಎರಡು ಪಾಯಿಂಟ್ ಮುಂದೆ. ಕೊನೆಗಳಿಗೆಯಲ್ಲಿ ವರ್ಜೀನಿಯಾದ ಟೈ ಜೆರೋಮ್ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಪುಟಿಸಿದ. ಅದು ಡಬಲ್ ಡ್ರಿಬಲ್, ತಪ್ಪು. ಸೀಟಿ ಬರಲಿಲ್ಲ. ಸ್ವಲ್ಪದರಲ್ಲೇ, 0.6 ಸೆಕೆಂಡ್ ಇರುವಾಗ, ಮೂರು ಪಾಯಿಂಟಿನ ಎಸೆತ ಹಾಕುತ್ತಿದ್ದ ಕೈಲ್ ಗೈ ಮೇಲೆ ಆಬರ್ನ್ ಫೌಲ್ ಮಾಡಿತು. ಈ ಸಲ ಸೀಟಿ ಬಂತು. ಮೂರಕ್ಕೆ ಮೂರು ಹಾಕಿ 63–62. ಎರಡು ದಿನದ ಮೇಲೆ ವರ್ಜೀನಿಯಾ ಚಾಂಪಿಯನ್.

ಆ ಆಟದಲ್ಲಿ ಊದಿದ ಸೀಟಿಯಷ್ಟೇ ಊದದ ಸೀಟಿಯೂ ಫಲಿತಾಂಶ ಬರೆಯಿತು. ಸುಮ್ಮನಿದ್ದರೆ ತಟಸ್ಥರು ಅಂತ ಅರ್ಥ ಅಲ್ಲ. ತಪ್ಪು ಮಾಡಿದವನ ಕಡೆ ನಿಂತ ಹಾಗಾಗುತ್ತದೆ.

ಈಗ ಡಿಆರ್‌ಎಸ್ ಥರ ಏನಾದರೂ ಇದೆಯಾ?

ಬಂದಿದೆ. ಪುರುಷರ ಆಟದಲ್ಲಿ 2025-26ರಿಂದ ಕೋಚ್ ಚಾಲೆಂಜ್. ಚೆಂಡು ಯಾರಿಂದ ಹೊರಹೋಯಿತು, ಬುಟ್ಟಿಗೆ ಇಳಿಯುವ ಚೆಂಡಿಗೆ ಅಡ್ಡಿಯಾಯಿತಾ, ರಕ್ಷಕ ಆ 4 ಅಡಿ ಕಮಾನಿನೊಳಗಿದ್ದನಾ, ಇಂಥ ಪ್ರಶ್ನೆಗಳಿಗೆ ಮಾತ್ರ. ಕೇಳಬೇಕಾದರೆ ಕೈಯಲ್ಲಿ ಟೈಮ್‌ಔಟ್ ಉಳಿದಿರಬೇಕು. ಗೆದ್ದರೆ ಇನ್ನೊಂದು ಸಿಗುತ್ತದೆ, ಸೋತರೆ ಮುಗಿಯಿತು. ಸಾಮಾನ್ಯ ಫೌಲ್ ಇದಕ್ಕೆ ಬರುವುದಿಲ್ಲ. ಹಾಗಾಗಿ ಮೇಲಿನ ಫ್ಲ್ಯಾಗ್, ಎಡ್ವರ್ಡ್ಸ್ ಫೌಲ್‌ಗಳ ಜಗಳ ಇನ್ನೂ ಜೀವಂತ.

ಝ್ಯಾಕ್ ಈಡಿಗೆ ರೆಫ್ರಿಗಳು ಜಾಸ್ತಿ ಫೌಲ್ ಕೊಡ್ತಿದ್ರಾ?

ಪರ್ಡ್ಯೂ ವಿಶ್ವವಿದ್ಯಾಲಯದ ಈಡಿ 7 ಅಡಿ 4 ಅಂಗುಲ. ಅವನ ಮೈಮೇಲೆ ಇಬ್ಬರು ಮೂವರು ನೇತಾಡುತ್ತಿದ್ದರು. ಅವನೂ ಮೊಣಕೈ ಬೀಸುತ್ತಿದ್ದ. ಬರೆದದ್ದನ್ನೇ ಹಿಡಿದರೆ ಪ್ರತಿ ಸಲವೂ ಯಾರಾದರೊಬ್ಬರ ಮೇಲೆ ಫೌಲ್. 2024ರ ಸೆಮಿಫೈನಲ್‌ನಲ್ಲಿ ನಾವು ಅವರಿಗೆ 63–50ರಿಂದ ಸೋತೆವು. ಅವತ್ತು ನಾನೂ ಟಿವಿಗೆ ಏನೇನೋ ಅಂದೆ. ಆದರೆ 40 ನಿಮಿಷದಲ್ಲಿ 50 ಪಾಯಿಂಟ್ ಹಾಕಿದ ತಂಡ ರೆಫ್ರಿಯನ್ನು ದೂರಬಾರದು.

ಫ್ರೀ ಥ್ರೋ ಬಗ್ಗೆ ಯಾಕಿಷ್ಟು ಮಾತು? ಯಾರೂ ಅಡ್ಡ ಇರಲ್ಲ, ಸುಲಭ ಅಲ್ವಾ?

15 ಅಡಿ ದೂರ, ಅಡ್ಡ ಯಾರೂ ಇಲ್ಲ, ಆದರೂ ಕೈ ನಡುಗುತ್ತದೆ. ಪುರುಷರ ಆಟದಲ್ಲಿ ಒಂದು ಕ್ರೂರ ನಿಯಮ ಇದೆ. ಒಂದು ಭಾಗದಲ್ಲಿ ಎದುರಾಳಿಯ ಏಳನೇ ಫೌಲ್‌ನಿಂದ "ಒನ್ ಆಂಡ್ ಒನ್". ಮೊದಲನೆಯದು ಬುಟ್ಟಿಗೆ ಬಿದ್ದರೆ ಮಾತ್ರ ಎರಡನೆಯದು. ಮೊದಲನೆಯದೇ ತಪ್ಪಿದರೆ ಚೆಂಡು ಯಾರಿಗೆ ಸಿಕ್ಕರೆ ಅವರದು. ಹತ್ತನೇ ಫೌಲ್‌ನಿಂದ ಎರಡೂ ಖಾತ್ರಿ. ಪ್ರಾಕ್ಟರ್ ತಪ್ಪಿಸಿದ್ದು ಇಂಥ ಮೊದಲನೆಯದನ್ನೇ.

ನಮ್ಮ ತಂಡದ ಇತಿಹಾಸವೇ ಎದುರಾಳಿಗಳು ತಪ್ಪಿಸಿದ ಫ್ರೀ ಥ್ರೋಗಳ ಮೇಲೆ ನಿಂತಿದೆ. 1983ರ ಫೈನಲ್‌ನಲ್ಲಿ ಕೋಚ್ ಜಿಮ್ ವಾಲ್ವಾನೊ ಬಲಾಢ್ಯ ಹ್ಯೂಸ್ಟನ್ ಆಟಗಾರರನ್ನು ಬೇಕಂತಲೇ ಫೌಲ್ ಮಾಡಿಸಿ ಫ್ರೀ ಥ್ರೋ ಲೈನಿಗೆ ಕಳಿಸಿದರು. ಅವರು ತಪ್ಪಿಸುತ್ತಾ ಹೋದರು. ಕೊನೆಯ ಕ್ಷಣ ಲೊರೆಂಜೊ ಚಾರ್ಲ್ಸ್ ಗುರಿ ತಪ್ಪಿದ ಚೆಂಡನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿದ. 54–52. 2024ರ ಮಾರ್ಚ್‌ನಲ್ಲಿ ಎಸಿಸಿ ಸೆಮಿಫೈನಲ್‌ನಲ್ಲಿ ವರ್ಜೀನಿಯಾ ಮೂರು ಮುಂದಿತ್ತು. ಐದು ಸೆಕೆಂಡ್ ಬಾಕಿ. ಅವರ ಹುಡುಗ ಒನ್ ಆಂಡ್ ಒನ್‌ನ ಮೊದಲನೆಯದನ್ನು ತಪ್ಪಿಸಿದ. ಮೈಕಲ್ ಒಕಾನೆಲ್ ಓಡಿ ಬಂದು ಎಸೆದ ಚೆಂಡು ಬೋರ್ಡಿಗೆ ಬಡಿದು ಒಳಗೆ ಬಿತ್ತು. ಹೆಚ್ಚುವರಿ ಸಮಯದಲ್ಲಿ ಗೆದ್ದೆವು. ಈ ಎರಡೂ ಕಥೆಯಲ್ಲಿ ರೆಫ್ರಿಯ ಹೆಸರು ಯಾರಿಗೂ ನೆನಪಿಲ್ಲ, ಗಮನಿಸಿ.

ಈಗಿನ ಹುಡುಗರು ವರ್ಷಕ್ಕೊಂದು ಕಾಲೇಜು ಬದಲಾಯಿಸ್ತಾರೆ. ತಂಡದ ಆಟ ಅನ್ನೋದು ಉಳಿದಿದೆಯಾ?

2021ರಲ್ಲಿ ಎರಡು ಬಾಗಿಲು ತೆರೆದವು. ಒಮ್ಮೆ ಕಾಲೇಜು ಬದಲಾಯಿಸಿದರೆ ಒಂದು ವರ್ಷ ಕಾಯದೆ ಆಡಬಹುದು ಅಂತಾಯಿತು; 2024ರಲ್ಲಿ "ಒಮ್ಮೆ" ಅನ್ನುವ ಮಿತಿಯೂ ಹೋಯಿತು. ತಮ್ಮ ಹೆಸರು, ಮುಖ ಬಳಸಿ ಆಟಗಾರರು ದುಡ್ಡು ಮಾಡಬಹುದು. ಹಳಬರಿಗೆ ಇದು ಸಂತೆ ವ್ಯಾಪಾರದ ಹಾಗೆ ಕಾಣುತ್ತದೆ. ಕೋಚ್‌ಗೆ ಕೋಟಿಗಟ್ಟಲೆ ಕೊಡುವಾಗ ಕಾಣದ ಸಂತೆ ಹುಡುಗರಿಗೆ ಕೊಟ್ಟಾಗ ಕಂಡಿದ್ದು ಹೇಗೆ ಅನ್ನುವುದು ನನ್ನ ಪ್ರಶ್ನೆ.

ತಂಡದ ಆಟಕ್ಕೆ ಬರೋಣ. ನಮ್ಮ 2024ರ ತಂಡವನ್ನೇ ನೋಡಿ. ಡಿಜೆ ಬರ್ನ್ಸ್ ವಿಂಥ್ರಾಪ್‌ನಿಂದ, ಡಿಜೆ ಹಾರ್ನ್ ಅರಿಜೋನಾ ಸ್ಟೇಟ್‌ನಿಂದ, ಒಕಾನೆಲ್ ಸ್ಟ್ಯಾನ್‌ಫರ್ಡ್‌ನಿಂದ, ಮೊಹಮದ್ ಡಿಯಾರಾ ಮಿಸೌರಿಯಿಂದ. ಎಲ್ಲ ಬೇರೆ ಬೇರೆ ಊರಿನ ಬಾಡಿಗೆದಾರರು. ಟೂರ್ನಿಗಳಿಗೆ ಮುಂಚಿನ ಕೊನೆಯ ನಾಲ್ಕು ಆಟ ಸೋತು 17–14ಕ್ಕೆ, ಅಂದರೆ 17 ಗೆಲುವು 14 ಸೋಲಿಗೆ ನಿಂತಿದ್ದೆವು. ಕೋಚ್ ಕೆವಿನ್ ಕೀಟ್ಸ್‌ರನ್ನು ಕಳಿಸಿಬಿಡಿ ಅಂತ ನಾವೇ ಕೂಗುತ್ತಿದ್ದೆವು. ಆಮೇಲೆ ಐದು ದಿನದಲ್ಲಿ ಐದು ಆಟ ಗೆದ್ದು 1987ರ ನಂತರ ಮೊದಲ ಎಸಿಸಿ ಪ್ರಶಸ್ತಿ. ಅಲ್ಲಿಂದ ಡ್ಯೂಕ್ ಅನ್ನೂ ಸೋಲಿಸಿ ರಾಷ್ಟ್ರೀಯ ಟೂರ್ನಿಯ ಕೊನೆಯ ನಾಲ್ಕರ ಘಟ್ಟ.

ಬದಲಾದದ್ದು ಏನು? ಚೆಂಡು ಬರ್ನ್ಸ್ ಮೂಲಕ ಹೋಗತೊಡಗಿತು. 275 ಪೌಂಡಿನ ದೇಹ, ಎಡಗೈ, ಹೂವಿನಂಥ ಬೆರಳು. ಅವನು ಬೆನ್ನು ಕೊಟ್ಟು ನಿಂತರೆ ಎದುರಾಳಿಗಳು ಇಬ್ಬರು ಬರಬೇಕು. ಬಂದ ತಕ್ಷಣ ಅವನು ಖಾಲಿ ನಿಂತ ಜೊತೆಗಾರನಿಗೆ ಚೆಂಡು ದಾಟಿಸುತ್ತಿದ್ದ. ಅತ್ತ ಡಿಯಾರಾ ರಂಜಾನ್ ಉಪವಾಸ ಇಟ್ಟುಕೊಂಡೇ ಗುರಿ ತಪ್ಪಿ ಪುಟಿದ ಚೆಂಡು, ಅಂದರೆ ರಿಬೌಂಡ್, ಹಿಡಿಯುತ್ತಿದ್ದ. ನಾಲ್ಕು ವರ್ಷ ಒಟ್ಟಿಗೆ ಇದ್ದರೇ ತಂಡ ಆಗುತ್ತದೆ ಅನ್ನುವವರಿಗೆ ಆ ಮೂರು ವಾರ ತೋರಿಸುತ್ತೇನೆ. ಆದರೆ ಮುಂದಿನ ವರ್ಷ 12–19. ಕೀಟ್ಸ್‌ರನ್ನು ಕಳಿಸಿಯೇಬಿಟ್ಟರು. ಅದನ್ನು ತೋರಿಸುವುದಿಲ್ಲ.

ನಾವು ಕೂಗಿದರೆ ತಂಡಕ್ಕೆ ನಿಜವಾಗಿಯೂ ಸಹಾಯ ಆಗುತ್ತಾ?

ಡ್ಯೂಕ್‌ನ ಕ್ಯಾಮರೂನ್ ಒಳಾಂಗಣದಲ್ಲಿ 9,314 ಸೀಟು ಮಾತ್ರ. ವಿದ್ಯಾರ್ಥಿಗಳು ಅಂಗಳಕ್ಕೆ ಅಂಟಿಕೊಂಡೇ ನಿಲ್ಲುತ್ತಾರೆ. ಯುಎನ್‌ಸಿ ಆಟದ ಜಾಗಕ್ಕಾಗಿ ವಾರಗಟ್ಟಲೆ ಹೊರಗೆ ಟೆಂಟ್ ಹಾಕುತ್ತಾರೆ. ಚಳಿಯಲ್ಲಿ, ಪರೀಕ್ಷೆಗೆ ಓದಿಕೊಂಡು. 2020-21ರಲ್ಲಿ ಕೋವಿಡ್‌ನಿಂದ ಅಂಗಳ ಖಾಲಿ ಇತ್ತು. ಡ್ಯೂಕ್ 13–11 ಆಯಿತು, 1995ರ ನಂತರ ಮೊದಲ ಸಲ ರಾಷ್ಟ್ರೀಯ ಟೂರ್ನಿ ತಪ್ಪಿತು. ಅದೇ ವರ್ಷ ಕೆಂಟಕಿ 9–16. ಎರಡೂ ಎಳೆಯ ತಂಡಗಳು, ಬರೀ ಜನ ಇಲ್ಲದ್ದರಿಂದ ಹೀಗಾಯಿತು ಅನ್ನಲಾರೆ. ಎನ್‌ಸಿ ಸ್ಟೇಟ್‌ನವರು ಮಾತ್ರ ಹಾಗೇ ಅನ್ನುತ್ತಾರೆ.

ತಮಾಷೆಯ ಬೆಂಬಲವೂ ಇದೆ. ಅರಿಜೋನಾ ಸ್ಟೇಟ್ ವಿದ್ಯಾರ್ಥಿಗಳು ಬುಟ್ಟಿಯ ಹಿಂದೆ ಪರದೆ ಹಿಡಿದು, ಎದುರಾಳಿ ಫ್ರೀ ಥ್ರೋ ಹಾಕುವಾಗ ಸರಕ್ಕನೆ ತೆಗೆಯುತ್ತಾರೆ. 2016ರಲ್ಲಿ ಒಮ್ಮೆ ಪರದೆ ಸರಿದಾಗ ಒಳಗಿದ್ದದ್ದು ಈಜು ಚಡ್ಡಿಯಲ್ಲಿ ಒಲಿಂಪಿಕ್ ಈಜುಗಾರ ಮೈಕಲ್ ಫೆಲ್ಪ್ಸ್! ಪಾಪ, ಆ ಹುಡುಗ ಎರಡೂ ತಪ್ಪಿಸಿದ.

ರೆಫ್ರಿಯನ್ನು ಬೈಯೋದಕ್ಕೆ ಮಿತಿ ಎಲ್ಲಿ?

ಅಂಗಳದ ಬಾಗಿಲಲ್ಲಿ. 2017ರಲ್ಲಿ ಕೆಂಟಕಿ ಯುಎನ್‌ಸಿಗೆ 75–73ರಿಂದ ಸೋತ ಮೇಲೆ ಒಬ್ಬ ರೆಫ್ರಿಯ ಚಾವಣಿ ರಿಪೇರಿ ವ್ಯವಹಾರವನ್ನು ಅಭಿಮಾನಿಗಳು ಹುಡುಕಿದರು. ಯಾವತ್ತೂ ಆ ಊರಿಗೇ ಹೋಗದವರು "ಕೆಲಸ ಕಳಪೆ" ಅಂತ ಒಂದು ಸ್ಟಾರ್ ಕೊಟ್ಟರು. ಕೊಲ್ಲುವ ಬೆದರಿಕೆಗಳೂ ಬಂದವು. ಅವರ ಮನೆಯವರ ಸ್ಥಿತಿ ಯೋಚಿಸಿ.

ತಪ್ಪು ರೆಫ್ರಿಯ ಕಡೆಯಿಂದಲೂ ಆಗುತ್ತದೆ. 2012ರ ಫೆಬ್ರುವರಿಯಲ್ಲಿ ನಮ್ಮದೇ ಅಂಗಳದಲ್ಲಿ ಒಬ್ಬ ರೆಫ್ರಿ ಇಬ್ಬರು ಪ್ರೇಕ್ಷಕರನ್ನು ಹೊರಗೆ ಕಳಿಸಿದರು. ಅವರು ಟಾಮ್ ಗುಲಿಯೊಟ್ಟಾ ಮತ್ತು ಕ್ರಿಸ್ ಕೋರ್ಕಿಯಾನಿ. ನಮ್ಮ ಎನ್‌ಸಿ ಸ್ಟೇಟ್‌ನ ದೊಡ್ಡ ಹಳೆಯ ತಾರೆಗಳು! ಕ್ರಮ ಪಾಲಿಸಲಿಲ್ಲ ಅಂತ ಎಸಿಸಿ ಆಮೇಲೆ ರೆಫ್ರಿಗೆ ಛೀಮಾರಿ ಹಾಕಿತು.

ಗೆದ್ದ ಮೇಲೆ ಎಲ್ಲರೂ ಅಂಗಳಕ್ಕೆ ನುಗ್ಗುತ್ತಾರಲ್ಲ?

ನಾನೂ ಒಮ್ಮೆ ನುಗ್ಗಿದ್ದೇನೆ. ಹಿಂದಿನಿಂದ ತಳ್ಳುತ್ತಿದ್ದರು, ಚಪ್ಪಲಿ ಒಂದು ಹೋಯಿತು, ನಿಲ್ಲಲು ಆಗಲಿಲ್ಲ. 2024ರ ಜನವರಿಯಲ್ಲಿ ಓಹಾಯೊ ಸ್ಟೇಟ್ ಅಂಗಳದಲ್ಲಿ ಅಯೋವಾದ ತಾರೆ ಕೇಟ್ಲಿನ್ ಕ್ಲಾರ್ಕ್‌ಗೆ ಅಭಿಮಾನಿಯೊಬ್ಬಳು ಡಿಕ್ಕಿ ಹೊಡೆದಳು. ಮುಂದಿನ ತಿಂಗಳು ವೇಕ್ ಫಾರೆಸ್ಟ್‌ನಲ್ಲಿ ಡ್ಯೂಕ್‌ನ ಕೈಲ್ ಫಿಲಿಪೋವ್‌ಸ್ಕಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ಎಸ್‌ಇಸಿ ಕಾನ್ಫರೆನ್ಸ್ 2025ರಲ್ಲಿ, ಜನ ಅಂಗಳಕ್ಕೆ ನುಗ್ಗಿದರೆ ಆತಿಥೇಯ ಕಾಲೇಜು ಕಟ್ಟಬೇಕಾದ ದಂಡವನ್ನು ಪ್ರತಿ ಸಲಕ್ಕೂ 5 ಲಕ್ಷ ಡಾಲರ್ ಮಾಡಿತು. 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ 11 ಜನ ಸತ್ತ ಮೇಲೆ ಇದರ ಬಗ್ಗೆ ತಮಾಷೆ ಮಾಡುವುದು ನಿಲ್ಲಿಸಿದೆ.

ಮೊದಲ ಸಲ ಆಟಕ್ಕೆ ಹೋಗ್ತಾ ಇದ್ದೀವಿ. ಏನು ನೋಡಬೇಕು?

ಚೆಂಡನ್ನು ಬಿಟ್ಟು ಉಳಿದ ಎಂಟು ಒಂಬತ್ತು ಜನರನ್ನು ನೋಡಿ. ಯಾರು ಸ್ಕ್ರೀನ್ ಹಾಕಿದರು, ಯಾರು ಹಿಂದಕ್ಕೆ ಓಡಿದರು, ಯಾರು ಸೊಂಟಕ್ಕೆ ಕೈ ಇಟ್ಟು ನಿಂತರು. ಮೂವರು ರೆಫ್ರಿಗಳಲ್ಲಿ ಒಬ್ಬರನ್ನು ಐದು ನಿಮಿಷ ಹಿಂಬಾಲಿಸಿ, ಅವರು ಏನು ನೋಡುತ್ತಾರೆ ಅಂತ ಗೊತ್ತಾಗುತ್ತದೆ. ಮಕ್ಕಳಿದ್ದರೆ ರೆನಾಲ್ಡ್ಸ್ ಒಳಾಂಗಣದಲ್ಲಿ ನಡೆಯುವ ನಮ್ಮ ಮಹಿಳಾ ತಂಡದ ಆಟಕ್ಕೆ ಕರೆದುಕೊಂಡು ಬನ್ನಿ. ಹಳೆಯ ಕಟ್ಟಡ, ಸದ್ದು ಎದೆಗೆ ತಾಗುತ್ತದೆ. ಕೆಂಪು ಬಟ್ಟೆ ಹಾಕಿಕೊಳ್ಳಿ, ಅದು ನಮ್ಮ ಬಣ್ಣ. ಯುಎನ್‌ಸಿಯ ತಿಳಿ ನೀಲಿ ಅಂತೂ ಬೇಡವೇ ಬೇಡ.